ಅಪ್ಪನ ಬಂದೂಕಿಗೊಂದು ದುರ್ಬೀನು

ಈ ಕಡೆ ತಲೆ ಹಾಕದೆ ನಾಲ್ಕೈದು ತಿಂಗಳಾಯ್ತು. "ಏನಪ್ಪ, ಅಂಗಡಿ ಮುಚ್ಚಿದ್ಯಾ?" ಅಂತ ಇಬ್ಬರು ಗೆಳೆಯರು ಕೇಳಿಯೂ ಬಿಟ್ರು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ಒಂದೇ ಒಂದು ವಿಷಯ ಬರೆಯೋಕೆ ಮುಖ ಇರಲಿಲ್ಲ. ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಮೊನ್ನೆ ಅಪ್ಪನೇ, "ಊರಿನ ಸುದ್ದಿಯೆಲ್ಲ ಬರೀತಿಯಲ್ಲ, ಇದನ್ನೂ ಬರಿ, ನಾಲ್ಕು ಜನ ಓದ್ಲಿ" ಅಂತ ಚುಚ್ಚಿದ ಮೇಲೆ ಬರೀತಾ ಇದೀನಿ.

ವಿಷಯ ಏನಂದ್ರೆ, ಏರ್ ರೈಫಲ್ ಮೇಲೆ ಸ್ಕೋಪ್ ಕೂರಿಸೋದು. ನಗಬೇಡಿ. ನಾಲ್ಕು ಸ್ಕ್ರೂ ತಿರುಗಿಸಿದರೆ ಮುಗೀತು ಅಂತ ನಾನೂ ಅಂದ್ಕೊಂಡಿದ್ದೆ. ಆ ನಾಲ್ಕು ಸ್ಕ್ರೂ ಅಪ್ಪನ ಹುಬ್ಬಿನ ಮೇಲೆ ಎರಡು ಹೊಲಿಗೆ ಹಾಕಿಸಿದವು.

ಗೊತ್ತಿಲ್ಲದವರಿಗೆ ಮೊದಲು ಊರಿನ ವಿಳಾಸ. ಬೆಂಗಳೂರಿಂದ ಹುಬ್ಬಳ್ಳಿ ಕಡೆ ರೈಲಲ್ಲಿ ಹೋಗುವಾಗ ಚಿಕ್ಕಜಾಜೂರು ದಾಟಿದ ಮೇಲೆ, ದಾವಣಗೆರೆ ಬರೋ ಮುಂಚೆ, ಮಾಯಕೊಂಡ ಅಂತ ಒಂದು ಸ್ಟೇಷನ್ ಸಿಗುತ್ತೆ. ನಿದ್ದೆಗಣ್ಣಲ್ಲಿದ್ರೆ ಸಿಗೋದೂ ಇಲ್ಲ. ಚುನಾವಣೆ ಬಂದಾಗ ಕ್ಷೇತ್ರದ ಹೆಸರು ಅಂತ ಟೀವಿಯಲ್ಲಿ ಒಂದು ವಾರ ಓಡಾಡುತ್ತೆ, ಆಮೇಲೆ ಯಾರಿಗೂ ನೆನಪಿರಲ್ಲ. ಸುತ್ತ ಮೆಕ್ಕೆಜೋಳ, ಬೋರ್‌ವೆಲ್ ಕೈಹಿಡಿದವರ ಹೊಲದಲ್ಲಿ ಅಡಿಕೆ. ಚಿತ್ರದುರ್ಗದ ಹಿರೇಮದಕರಿ ನಾಯಕ 1748ರಲ್ಲಿ ಯುದ್ಧ ಮಾಡಿ ಸತ್ತಿದ್ದು ಇಲ್ಲೇ. ಅಂದ್ರೆ ನಮ್ಮೂರಲ್ಲಿ ಆಯುಧ ಹಿಡಿಯೋದು ಹೊಸ ಚಾಳಿ ಏನಲ್ಲ!

ನಮ್ಮಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಕಾಲೇಜಿನಲ್ಲಿದ್ದಾಗ ದಾವಣಗೆರೆಯಲ್ಲಿ ಎನ್‌ಸಿಸಿ ಸೇರಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದವರು. ಮಲಗಿಕೊಂಡು ಹೊಡೆದ ಐದೂ ಗುಂಡು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗ್ತಿದ್ದವು ಅನ್ನೋದು ನಮ್ಮನೆಯಲ್ಲಿ ಪುರಾಣ. ಆ ಕಾಲದ ರೂಪಾಯಿ ನಾಣ್ಯ ದೊಡ್ಡದಿತ್ತು ಬಿಡಿ, ಅಂತ ಅಮ್ಮ ಪ್ರತಿಸಲ ಸೇರಿಸ್ತಾಳೆ. ರಿಟೈರ್ ಆದಾಗ ಬಂದ ದುಡ್ಡಲ್ಲಿ ಅಪ್ಪ ತನಗೆ ಅಂತ ಕೊಂಡಿದ್ದು ಒಂದೇ ವಸ್ತು, ಒಂದು ಏರ್ ರೈಫಲ್. ನಳಿಗೆಯನ್ನೇ ಮುರಿದು ಬಗ್ಗಿಸಿ ಸ್ಪ್ರಿಂಗ್ ಎಳೆಯೋ ಥರದ್ದು, 4.5 ಮಿಲಿಮೀಟರಿನದ್ದು. 2016ರ ಆಯುಧ ನಿಯಮಗಳ ಪ್ರಕಾರ ಆ ಅಳತೆ ಮೀರದ, 20 ಜೂಲ್ ಶಕ್ತಿ ದಾಟದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಅದು ಆಟಿಕೆ ಅಲ್ಲ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ. ಹಿತ್ತಲಿನ ತುದಿಯಲ್ಲಿ ಮಣ್ಣು ತುಂಬಿದ ಆರು ಚೀಲ ಪೇರಿಸಿ, ಅದರ ಮುಂದೆ ರಟ್ಟು ನಿಲ್ಲಿಸಿ, ಅಮ್ಮ ಬಟ್ಟೆ ಒಣಹಾಕೋಕೆ ಆ ಕಡೆ ಬರಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೇ ಅಪ್ಪ ಕೂರ್ತಿದ್ದದ್ದು. ಗುರಿಗೆ ಹಳೇ ಮದುವೆ ಕಾಗದದ ಹಿಂಬದಿ. ಅದರ ಮೇಲೆ ಕೈವಾರದಲ್ಲಿ ಸುತ್ತು.

ಅಕ್ಕಪಕ್ಕದವರು ಬಂದು "ಮೇಷ್ಟ್ರೇ, ತೆಂಗಿನ ಮರದಾಗೆ ಕೋತಿ ಕಾಟ, ಒಂದೆರಡು ಹೊಡೀರಿ" ಅಂತ ಕೇಳೋದು ಇದ್ದೇ ಇದೆ. ಅಪ್ಪ ಬೈದು ಕಳಿಸ್ತಾರೆ. ಕಾಗೆಗೂ ಹೊಡೆಯಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಪೀಡೆ ಪ್ರಾಣಿಗಳು ಅಂತ ಒಂದು ಪಟ್ಟಿ ಇತ್ತು, ಕಾಗೆ ಅದರಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಇದು ಅಪ್ಪನಿಗೆ ಬಾಯಿಪಾಠ, ಕೇಳಿದವರಿಗೆಲ್ಲ ಹೇಳ್ತಾರೆ. ಅವರಿಗೆ ಬೇಕಿದ್ದದ್ದು ಆ ಕಾಗದ ಮಾತ್ರ. ಸಂಜೆ ಐದು ಗಂಟೆಗೆ ಇಪ್ಪತ್ತು ಗುಂಡು, ಆಮೇಲೆ ಕಾಫಿ. ಹತ್ತು ವರ್ಷ ಹೀಗೇ ನಡೀತು.

ಆಮೇಲೆ ಕಣ್ಣು ಕೈಕೊಟ್ಟಿತು.

ತೆರೆದ ಸೈಟಿನ ರೈಫಲ್ ಹೊಡೆದವರಿಗೆ ಗೊತ್ತಿರುತ್ತೆ. ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊನೆ, ದೂರದಲ್ಲಿ ಗುರಿ. ಮೂರೂ ಮೂರು ದೂರದಲ್ಲಿರೋ ವಸ್ತುಗಳು, ಮೂರನ್ನೂ ಒಂದೇ ಗೆರೆಗೆ ತರಬೇಕು. ಎಳೆಯ ಕಣ್ಣು ಹತ್ತಿರ ದೂರ ಅಂತ ಓಡಾಡಿ ಸಂಭಾಳಿಸುತ್ತೆ. ಅಪ್ಪನಿಗೆ ಮೊದಲು ಪೊರೆ ಬಂತು. ಪೊರೆ ತೆಗೆಸಿ ಒಳಗೆ ಲೆನ್ಸ್ ಕೂರಿಸಿದರು. ಆ ಲೆನ್ಸ್ ದೂರಕ್ಕೆ ಹೊಂದಿಸಿದ್ದು. ಸ್ಟೇಷನ್ನಿನ ಬೋರ್ಡು ಓದೋಕೆ ಬರುತ್ತೆ, ಮೂಗಿನ ಮುಂದಿನ ಕಚ್ಚು ಮಾತ್ರ ಮಂಜು. ಆಪರೇಷನ್ ಆಗಿ, ಡಾಕ್ಟರು ಇನ್ನು ಎಲ್ಲ ಮಾಡಬಹುದು ಅಂದ ಮೇಲೆ ಅಪ್ಪ ಹಿತ್ತಲಿಗೆ ಹೋಗಿ ಐದು ಗುಂಡು ಹೊಡೆದರು. ಕಾಗದದಲ್ಲಿ ಒಂದೂ ತೂತಿಲ್ಲ. ಒಳಗೆ ಬಂದು ರೈಫಲ್ಲನ್ನು ಬಾಗಿಲ ಸಂದಿಯಲ್ಲಿ ನಿಲ್ಲಿಸಿ, ಐದೂವರೆಗೆ ಟೀವಿ ಹಾಕಿದರಂತೆ. ನಮ್ಮಪ್ಪ ಐದೂವರೆಗೆ ಟೀವಿ! ಅಮ್ಮ ಫೋನಲ್ಲಿ ಹೇಳಿದಾಗ ಅದ್ಯಾಕೋ ನನಗೆ ಆಪರೇಷನ್ ದಿನಕ್ಕಿಂತ ಜಾಸ್ತಿ ಹೆದರಿಕೆ ಆಯ್ತು.

ಸ್ಕೋಪಿನ ಐಡಿಯಾ ನನ್ನದು. ಸ್ಕೋಪಿನಲ್ಲಿ ಅಡ್ಡಗೀಟೂ ಗುರಿಯೂ ಒಂದೇ ದೂರದಲ್ಲಿ ಕಾಣುತ್ತವೆ, ಕಣ್ಣು ಓಡಾಡಬೇಕಿಲ್ಲ. ಅಪ್ಪ ಒಪ್ಪಲಿಲ್ಲ. "ಬಿಂದ್ರಾ ಸ್ಕೋಪ್ ಹಾಕ್ಕಂಡು ಹೊಡೆದ್ನೇನು?" ಅಂದ್ರು. ನಿಜ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾಗೆ ಚಿನ್ನ ಬಂದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್ ನಿಷಿದ್ಧ. ಸಣ್ಣ ತೂತಿನ ಸೈಟಿನಲ್ಲಿ ನೋಡಿ, ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಗೆ ಹೊಡೀಬೇಕು. "ಅಪ್ಪಾ, ಬಿಂದ್ರಾಗೆ ಆಗ 25 ವಯಸ್ಸು, ಪೊರೆ ಬಂದಿರಲಿಲ್ಲ" ಅಂದೆ. ಸುಮ್ಮನಾದರು. ಅದನ್ನೇ ಒಪ್ಪಿಗೆ ಅಂತ ತಿಳಿದು ಬೆಂಗಳೂರಲ್ಲಿ ಒಂದು ಸ್ಕೋಪು, ಅದಕ್ಕೆ ಎರಡು ರಿಂಗು ಕೊಂಡು ಊರಿಗೆ ಹೋದೆ.

ಈಗ ನನ್ನ ಘನಕಾರ್ಯ ಕೇಳಿ.

ರೈಫಲ್ಲಿನ ಬೆನ್ನ ಮೇಲೆ ಉದ್ದಕ್ಕೆ ಎರಡು ಕಚ್ಚು ಇರುತ್ತೆ, 11 ಮಿಲಿಮೀಟರ್ ಅಗಲದ ಡವ್‌ಟೇಲ್ ಅಂತಾರೆ. ರಿಂಗಿನ ದವಡೆ ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತೆ. ತುಕ್ಕು ಹಿಡೀಬಾರದು ಅಂತ ನಾನು ಆ ಕಚ್ಚಿಗೆ ಹೊಲಿಗೆ ಮಿಷಿನ್ನಿನ ಎಣ್ಣೆ ಸವರಿದೆ. ಸ್ಕೋಪಿಗೆ ಗೀರು ಬೀಳಬಾರದು ಅಂತ ರಿಂಗಿನ ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟೆ. ರಿಂಗಿನ ಹೊಟ್ಟೆಯಲ್ಲಿ ಒಂದು ಪುಟಾಣಿ ಮೊಳೆ ಇತ್ತು. ಅದು ಯಾಕೆ ಅಂತ ಗೊತ್ತಾಗಲಿಲ್ಲ, ತಗುಲುತ್ತೆ ಅಂತ ಪೂರ್ತಿ ಒಳಗೆ ತಿರುಗಿಸಿಬಿಟ್ಟೆ. ಆಮೇಲೆ ನನ್ನ ಕೆನ್ನೆಗೆ ರೈಫಲ್ ಇಟ್ಟು, ನನಗೆ ಚೆನ್ನಾಗಿ ಕಾಣೋ ಜಾಗಕ್ಕೆ ಸ್ಕೋಪ್ ಸರಿಸಿ, ಅಲೆನ್ ಕೀಗೆ ಪೈಪ್ ಸಿಕ್ಕಿಸಿ, ಎದುರು ಮನೆಯ ಸಾಲಗಾರನ ಕಿವಿ ಹಿಂಡಿದ ಹಾಗೆ ಬಿಗಿದೆ. ನಾನೇ ಹತ್ತು ಗುಂಡು ಹೊಡೆದು ನೋಡಿದೆ. ಭೇಷ್ ಅಂತ ನನಗೆ ನಾನೇ ಹೇಳಿಕೊಂಡು ಭಾನುವಾರ ರಾತ್ರಿ ರೈಲು ಹತ್ತಿದೆ.

ಗುರುವಾರ ಸಂಜೆ ಅಮ್ಮನ ಫೋನ್. ಸ್ಕೋಪಿನ ಹಿಂಬದಿಯ ಬಳೆ ಅಪ್ಪನ ಕನ್ನಡಕಕ್ಕೆ ಬಡಿದು, ಕನ್ನಡಕದ ಫ್ರೇಮು ಹುಬ್ಬು ಸೀಳಿತ್ತು. ಆಪರೇಷನ್ ಆದ ಬಲಗಣ್ಣಿನ ಮೇಲೇ. ರಕ್ತ ಕಣ್ಣೊಳಗೆ ಇಳಿದಿದ್ದರಿಂದ ಅಪ್ಪನಿಗೆ ಏನೂ ಕಾಣಲಿಲ್ಲ, ಅಮ್ಮನಿಗೆ ಕಣ್ಣೇ ಹೋಯ್ತು ಅನ್ನಿಸಿತು. ಪಕ್ಕದ ಮನೆಯವರ ಕಾರಲ್ಲಿ ದಾವಣಗೆರೆಗೆ ಹೋಗಿದ್ದಾರೆ. ನಾನು ರಾತ್ರಿ ಬಸ್ಸಿನ ಕೊನೇ ಸೀಟಲ್ಲಿ ಕೂತು ತುಮಕೂರು, ಶಿರಾ, ಹಿರಿಯೂರು ಅಂತ ಒಂದೊಂದೇ ಊರು ಎಣಿಸ್ತಾ ಹೋದೆ. ಆ ರಾತ್ರಿ ಬಗ್ಗೆ ಜಾಸ್ತಿ ಬರೆಯಲ್ಲ.

ಬೆಳಿಗ್ಗೆ ಡಾಕ್ಟರು ದೀಪ ಹಾಕಿ ನೋಡಿ, ಲೆನ್ಸ್ ಕೂತಲ್ಲೇ ಇದೆ, ಕಣ್ಣಿಗೆ ಏನೂ ಆಗಿಲ್ಲ, ಹುಬ್ಬಿಗೆ ಎರಡು ಹೊಲಿಗೆ ಅಷ್ಟೇ ಅಂದರು. ಅಪ್ಪ ನನ್ನ ನೋಡಿ, "ನಂದೇ ತಪ್ಪು ಕಣೋ, ನಾನೇ ಹತ್ರ ಹೋದೆ" ಅಂದ್ರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಊಟ ಮಾತ್ರ ಬಡಿಸಿದಳು. ರೈಫಲ್ ಗೋಣಿಚೀಲ ಸುತ್ತಿಕೊಂಡು ಅಟ್ಟ ಸೇರಿತು.

ಎರಡು ತಿಂಗಳು ಅದು ಅಲ್ಲೇ ಇತ್ತು. ಐದೂವರೆ ಟೀವಿ ಮತ್ತೆ ಶುರುವಾಯ್ತು.

ಅದನ್ನು ಕೆಳಗಿಳಿಸಿದ್ದು ಹರಿಹರದ ನಮ್ಮ ಮಾವ, ಅಮ್ಮನ ಅಣ್ಣ. ಮಾವ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1941ರಲ್ಲಿ ಶುರುವಾದ ಕಾರ್ಖಾನೆ, ದೇಶದ ತುಂಬ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಇವತ್ತಿಗೂ ತಿರುಗ್ತಾ ಇರೋ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಹುಟ್ಟಿದ್ದು ತುಂಗಭದ್ರೆಯ ದಂಡೆಯ ಈ ಊರಲ್ಲಿ. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಮಾವ ಆಮೇಲೆ ಸ್ನೇಹಿತರ ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿಕೊಂಡಿದ್ದಾರೆ. ಬೆರಳಲ್ಲಿ ಮುಟ್ಟಿ "ಇದು ಎರಡು ಥೌ ಜಾಸ್ತಿ ಐತಿ" ಅನ್ನೋ ಜಾತಿ. ಥೌ ಅಂದ್ರೆ ಒಂದು ಇಂಚಿನ ಸಾವಿರದ ಒಂದು ಭಾಗ. ಅಮ್ಮನ ಬಳೆ ನೋಡಿ ಹಾಗಂದಿದ್ದು ನನಗೆ ನೆನಪಿದೆ!

ಮಾವ ಬಂದವರು ಕಾಫಿ ಕುಡಿದು, "ಎಲ್ಲೈತಲೇ ಆ ನಿನ್ನ ತೋಪು, ತಗಂಬಾ ಇಲ್ಲಿ" ಅಂದ್ರು. ಖಾಲಿ ಇದೆಯೇ ಅಂತ ನಳಿಗೆ ಬಗ್ಗಿಸಿ ನೋಡಿದರು. ಬೆನ್ನ ಮೇಲೆ ಉಗುರು ಓಡಿಸಿದರು. ಕಪ್ಪು ಬಣ್ಣದ ಮೇಲೆ ಒಂದೂವರೆ ಸೆಂಟಿಮೀಟರ್ ಉದ್ದ ಬೆಳ್ಳಗೆ ಹೊಳೆಯುವ ಗೀರು. ಸ್ಕೋಪು ಅಷ್ಟು ದೂರ ಹಿಂದಕ್ಕೆ ತೆವಳಿತ್ತು. ಆಮೇಲೆ ಆ ಡವ್‌ಟೇಲ್ ನೋಡಿದವರೇ ನಗೋಕೆ ಶುರು.

"ಲೇ, ಇದು ನಮ್ಮ ಲೇತಿನ ಕ್ರಾಸ್‌ಸ್ಲೈಡ್ ಇದ್ದಂಗೆ ಐತಲ್ಲೋ. ಡವ್‌ಟೇಲ್ ಇರಾದೇ ಜಾರಾಕೆ. ಸಲೀಸಾಗಿ ಜಾರ್ಲಿ ಅಂತ ನಾವು ಅದಕ್ಕೆ ಎಣ್ಣೆ ಬಿಡ್ತಿದ್ವಿ. ನೀನೂ ಎಣ್ಣೆ ಬಿಟ್ಟಿಯಲ್ಲೋ ಪುಣ್ಯಾತ್ಮ!"

ಅವತ್ತು ನನಗೆ ತಲೆಗೆ ಹೋಗಿದ್ದು ಇದು. ಜಾರೋದಕ್ಕೆ ಅಂತಲೇ ಹೇಳಿಮಾಡಿಸಿದ ಆಕಾರದ ಮೇಲೆ ನಾನು ಜಾರಬಾರದ ವಸ್ತುವನ್ನು ಬರೀ ಬಿಗಿತದ ನಂಬಿಕೆಯಿಂದ ಕೂರಿಸಿದ್ದೆ.

"ಆದ್ರೂ ಹಿಂದಕ್ಕೇ ಯಾಕೆ ಬಂತು ಮಾವ? ಗುಂಡು ಹೊಡೆದ್ರೆ ಬಂದೂಕು ತಾನೇ ಹಿಂದಕ್ಕೆ ಒದೆಯೋದು? ಸ್ಕೋಪ್ ಮುಂದಕ್ಕಲ್ವಾ ಹೋಗಬೇಕು?" ಅಂದೆ. ಇದಕ್ಕೆ ಉತ್ತರ ಕೊಟ್ಟಿದ್ದು ಅಪ್ಪ. ಎರಡು ತಿಂಗಳಲ್ಲಿ ಮೊದಲ ಸಲ ಆ ರೈಫಲ್ ಬಗ್ಗೆ ಬಾಯಿ ಬಿಟ್ಟಿದ್ದು! ಮದ್ದಿನ ಬಂದೂಕು ಒಂದೇ ಸಲ ಹಿಂದಕ್ಕೆ ಒದೆಯುತ್ತೆ. ಸ್ಪ್ರಿಂಗಿನದ್ದು ಹಾಗಲ್ಲ. ಕುದುರೆ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ಅದಕ್ಕೆ ರೈಫಲ್ ಸ್ವಲ್ಪ ಹಿಂದಕ್ಕೆ ಸರಿಯುತ್ತೆ. ಪಿಸ್ಟನ್ ಹೋಗಿ ಸಿಲಿಂಡರಿನ ಮುಂದಿನ ಗೋಡೆಗೆ ಬಡಿದು ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಿಗಿಯುತ್ತೆ. ಎರಡನೇ ಏಟು ಮೊದಲನೆಯದಕ್ಕಿಂತ ಚುರುಕು. ಡ್ರೈವರು ಬಸ್ಸನ್ನು ಗಕ್ಕನೆ ಮುಂದಕ್ಕೆ ಬಿಟ್ಟಾಗ ಕಂಬಿ ಹಿಡಿಯದೆ ನಿಂತವನು ಎತ್ತ ಬೀಳ್ತಾನೆ? ಹಿಂದಕ್ಕೆ. ಸ್ಕೋಪಿನ ಕಥೆಯೂ ಅದೇ, ಪ್ರತಿ ಗುಂಡಿಗೂ ಕೂದಲೆಳೆಯಷ್ಟು. ದೊಡ್ಡ ಬೇಟೆ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳೋ ದುಬಾರಿ ಸ್ಕೋಪುಗಳು ಸ್ಪ್ರಿಂಗ್ ರೈಫಲ್ ಮೇಲೆ ಒಳಗಿನ ಲೆನ್ಸ್ ಸಡಿಲಾಗಿ ಹಾಳಾಗೋದೂ ಈ ಮುಂದಿನ ಜಿಗಿತದಿಂದಲೇ. ಅವನ್ನು ಒಂದೇ ದಿಕ್ಕಿನ ಒದೆತಕ್ಕೆ ಕಟ್ಟಿರ್ತಾರೆ.

ಇನ್ನೊಂದು ಮಾತು ಅಪ್ಪ ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ. ನನ್ನ ಕತ್ತು ಉದ್ದ. ನನಗೆ ಸರಿಯಾಗಿ ಕಾಣೋ ಜಾಗದಲ್ಲಿ ಸ್ಕೋಪ್ ಇಟ್ಟಿದ್ದರಿಂದ ಅಪ್ಪನಿಗೆ ಅದು ದೂರವಾಗಿತ್ತು. ಸುತ್ತ ಕಪ್ಪು, ನಡುವೆ ಸಣ್ಣ ಬೆಳಕಿನ ಬಿಲ್ಲೆ. ಪೂರ್ತಿ ಕಾಣಲಿ ಅಂತ ಅವರು ಕತ್ತು ಮುಂದಕ್ಕೆ ಚಾಚಿ ಹೊಡೆಯೋ ಅಭ್ಯಾಸ ಮಾಡಿಕೊಂಡರು. ನಾಲ್ಕು ದಿನ ಅವರು ಮುಂದಕ್ಕೆ ಹೋಗ್ತಿದ್ದರು, ಸ್ಕೋಪ್ ಹಿಂದಕ್ಕೆ ಬರ್ತಿತ್ತು. ಗುರುವಾರ ಎರಡೂ ಸಂಧಿಸಿದವು. ಫೋನ್ ಮಾಡಿ "ಸರಿ ಕಾಣ್ತಿಲ್ಲ ಕಣೋ" ಅಂತ ಒಂದು ಮಾತು ಹೇಳಬಹುದಿತ್ತು. ಮಗ ಅಷ್ಟು ದೂರದಿಂದ ತಂದು ಕೂರಿಸಿದಾನೆ ಅಂತ ಹೇಳಲಿಲ್ಲ.

ನಾನು ಪೂರ್ತಿ ಒಳಗೆ ತಿರುಗಿಸಿದ್ದ ಆ ಪುಟಾಣಿ ಮೊಳೆಯೇ ಇಡೀ ವ್ಯವಹಾರದ ಜೀವ. ರೈಫಲ್ಲಿನ ಬೆನ್ನ ಮೇಲೆ ಹಿಂಭಾಗದಲ್ಲಿ ಒಂದು ತೂತು ಇರುತ್ತೆ, ಮೊಳೆ ಅದರೊಳಗೆ ಇಳೀಬೇಕು. ಆಗ ಹಿಂದಿನ ಏಟು ಸ್ಕ್ರೂಗಳ ಬಿಗಿತದ ಮೇಲೆ ಬೀಳಲ್ಲ, ಮೊಳೆಯ ಮೇಲೆ ಬೀಳುತ್ತೆ. "ಲೇತಿನಾಗೆ ಕ್ಯಾರೇಜ್ ಸ್ಟಾಪ್ ಅಂತ ಇರ್ತತಿ, ಇದು ಅದೇ" ಅಂದ್ರು ಮಾವ. ಕ್ಯಾಲಿಪರ್ ಹಾಕಿ ನೋಡಿದರೆ ಮೊಳೆ ತೂತಿಗಿಂತ ತೆಳ್ಳಗಿತ್ತು, ಒಳಗೆ ಅಲ್ಲಾಡೋಷ್ಟು. ಅದನ್ನು ಜೇಬಿಗೆ ಹಾಕಿಕೊಂಡು ಹರಿಹರಕ್ಕೆ ಹೋದವರು ಮುಂದಿನ ಭಾನುವಾರ ಬರುವಾಗ ಇಎನ್ 8 ಉಕ್ಕಿನಲ್ಲಿ ತಿರುಗಿಸಿದ ಹೊಸ ಮೊಳೆ ತಂದಿದ್ದರು. ಒತ್ತಿದರೆ ತೂತಿನೊಳಗೆ ಮೆತ್ತಗೆ ಕೂರುವ ಹಾಗೆ. ಉದ್ದವನ್ನೂ ನೋಡಿಕೊಂಡಿದ್ದರು. ತೂತಿನ ತಳಕ್ಕೆ ತಗುಲುವಷ್ಟು ಉದ್ದ ಇದ್ದರೆ ಅದೇ ರಿಂಗನ್ನು ಮೇಲಕ್ಕೆತ್ತಿ ಕಚ್ಚಿನಿಂದ ಬಿಡಿಸುತ್ತಂತೆ.

ನಾನು ಈ ಸಲ ಎರಡು ಬಿಡಿ ರಿಂಗಿನ ಬದಲು ಒಂದೇ ತುಂಡಿನ ಮೌಂಟ್ ತಂದಿದ್ದೆ. ಉದ್ದಕ್ಕೂ ಕಚ್ಚಿ ಹಿಡಿಯುತ್ತೆ, ಎರಡು ರಿಂಗು ಒಂದಕ್ಕೊಂದು ಸೊಟ್ಟ ಆಗೋ ಭಯ ಇಲ್ಲ. ಸ್ಕೋಪೂ ಬೇರೆಯದು, ಏರ್ ರೈಫಲ್ಲಿಗೆ ಅಂತಲೇ ಮಾಡಿದ್ದು, 10 ಗಜದಿಂದ ಫೋಕಸ್ ಮಾಡಬಹುದಾದ್ದು. ಹಳೇ ಸ್ಕೋಪನ್ನು ಮಕ್ಕಳು ಚಂದ್ರನ್ನ ನೋಡೋಕೆ ಇಟ್ಕೊಂಡಿದಾರೆ.

ಅವತ್ತು ಮೂವರೂ ಜಗಲಿ ಮೇಲೆ ಕೂತು ಮಾಡಿದ ಕೆಲಸ ಹೇಳ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು. ಮೊದಲು ಡವ್‌ಟೇಲ್, ಮೌಂಟಿನ ದವಡೆ, ಸ್ಕ್ರೂ, ರಿಂಗಿನ ಒಳಮೈ ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ ಎಣ್ಣೆಯ ಪಸೆ ಇಲ್ಲದ ಹಾಗೆ ಒಣಗಿಸಿದ್ದು. ರಬ್ಬರ್ ಕಿತ್ತೆಸೆದದ್ದು. ರಬ್ಬರ್ ಮೆತ್ತಗಿರೋದೇ ತೊಂದರೆ, ಪ್ರತಿ ಏಟಿಗೂ ಅದು ಹಿಗ್ಗಿ ಕುಗ್ಗಿ ಸ್ಕೋಪನ್ನು ತಾನೇ ನಡೆಸಿಕೊಂಡು ಹೋಗುತ್ತೆ. ಮೌಂಟನ್ನು ಕೂರಿಸಿ, ಬಿಗಿಯುವ ಮೊದಲು ಕೈಯಿಂದ ಹಿಂದಕ್ಕೆ ಒತ್ತಿ, ಮೊಳೆ ತೂತಿನ ಹಿಂಗೋಡೆಗೆ ಆನಿಕೊಂಡ ಮೇಲೆ ಬಿಗಿದದ್ದು. ನಡುವೆ ಸಂದು ಬಿಟ್ಟರೆ ಅಷ್ಟು ದೂರ ಓಡಿಬಂದು ಗುದ್ದುತ್ತೆ. ರಿಂಗಿನ ಮೇಲಿನ ಸ್ಕ್ರೂಗಳನ್ನು ಕಾರಿನ ಚಕ್ರದ ನಟ್ಟಿನ ಹಾಗೆ ಕೋನದಿಂದ ಕೋನಕ್ಕೆ, ಒಂದೊಂದಕ್ಕೂ ಕಾಲು ಸುತ್ತು. ಎರಡೂ ಬದಿಯ ಸಂದು ಸಮ ಇರಬೇಕು. ಅಲೆನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಷ್ಟು ಬರುತ್ತೋ ಅಷ್ಟೇ ಬಿಗಿತ. ಪೈಪ್ ತರೋಕೆ ಹೋದ ನನ್ನ ಕೈಗೆ ಮಾವ ಒಂದು ಕೊಟ್ಟರು. ಸ್ಕೋಪಿನ ಕೊಳವೆ ತೆಳು ಅಲ್ಯೂಮಿನಿಯಂ, ಹಿಸುಕಿದರೆ ಒಳಗಿನದು ಸಿಕ್ಕಿಹಾಕಿಕೊಳ್ಳುತ್ತೆ.

ಆದರೆ ರಿಂಗು ಬಿಗಿಯೋಕೆ ಮೊದಲು ಅರ್ಧ ದಿನ ಹೋಯ್ತು, ಅಪ್ಪನಿಗೆ ಹೊಂದಿಸೋದ್ರಲ್ಲಿ. ನಾನು ಸ್ಕೋಪನ್ನು ರಿಂಗಿನಲ್ಲಿ ಸಡಿಲವಾಗಿ ಇಟ್ಟುಕೊಂಡೆ. ಅಪ್ಪ ಕನ್ನಡಕ ಹಾಕಿಕೊಂಡು, ದಿನಾ ಕೂರೋ ಅದೇ ಮರದ ಕುರ್ಚಿಯಲ್ಲಿ, ಕಣ್ಣು ಮುಚ್ಚಿ, ಆರಾಮಾಗಿ ಕೆನ್ನೆ ಇಟ್ಟರು. ಆಮೇಲೆ ಕಣ್ಣು ಬಿಡಬೇಕು. ಕತ್ತು ಅಲುಗಿಸದೆ ಪೂರ್ತಿ ಬಿಲ್ಲೆ ಕಂಡರೆ ಸರಿ, ಇಲ್ಲದಿದ್ದರೆ ಸರೀಬೇಕಾದ್ದು ಸ್ಕೋಪು, ಅಪ್ಪ ಅಲ್ಲ. ಝೂಮ್ ಪೂರ್ತಿ ಏರಿಸಿಟ್ಟು ನೋಡಬೇಕು, ಆಗಲೇ ಕಣ್ಣಿನ ಜಾಗ ಅತಿ ಇಕ್ಕಟ್ಟು. ಒಂದು ಬೆರಳು ಹಿಂದೆ. ಮತ್ತೆ ಕಣ್ಣು ಮುಚ್ಚು. ಅರ್ಧ ಬೆರಳು ಮುಂದೆ. ಕೊನೆಗೆ ಕನ್ನಡಕಕ್ಕೂ ಸ್ಕೋಪಿಗೂ ನಡುವೆ ನಾಲ್ಕು ಬೆರಳು ಅಗಲದ ಜಾಗ ಉಳೀತು. ಅಮ್ಮ ಅಡುಗೆಮನೆಯಿಂದ ಬಂದು ತನ್ನ ನಾಲ್ಕು ಬೆರಳನ್ನೇ ಇಟ್ಟು ಅಳೆದು ನೋಡಿ ಹೋದಳು. ಮಾತಾಡಲಿಲ್ಲ.

ಅಷ್ಟಾದರೂ ಅಪ್ಪ ಎರಡು ನಿಮಿಷಕ್ಕೆ ಕತ್ತು ಹಿಡಿದುಕೊಳ್ತಿದ್ದರು. ಸ್ಕೋಪು ತೆರೆದ ಸೈಟಿಗಿಂತ ಎತ್ತರ, ಹಿಂಬದಿಯ ಮರ ತಗ್ಗು. ಕಣ್ಣು ಅಷ್ಟು ಎತ್ತರಕ್ಕೆ ಬರಬೇಕಾದರೆ ಕೆನ್ನೆ ಗಾಳಿಯಲ್ಲಿ ನಿಲ್ಲುತ್ತೆ, ಭಾರವೆಲ್ಲ ಕತ್ತಿನ ಮೇಲೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಅಜ್ಜನ ಕಾಲದ ಹರಕು ಕಂಬಳಿಯಲ್ಲಿ. ಅದರದೊಂದು ತುಂಡನ್ನು ಮೂರು ಮಡಿಕೆ ಮಾಡಿ ಮರದ ಮೇಲಿಟ್ಟು ಗೋಣಿದಾರದಲ್ಲಿ ಸುತ್ತಿದೆವು. ನೋಡೋಕೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿದೆ. ಅಪ್ಪ ಕೆನ್ನೆ ಇಟ್ಟು, "ಹಾಂ" ಅಂದ್ರು. ಅಷ್ಟೇ ಅಂದಿದ್ದು, ಆದ್ರೆ ಆ "ಹಾಂ" ಕೇಳಿ ನನಗೆ ಬಸ್ಸಿನ ಕೊನೇ ಸೀಟು ನೆನಪಾಗಿ ಸ್ವಲ್ಪ ಹೊತ್ತು ಪೇರಲ ಗಿಡದ ಕಡೆ ನೋಡ್ತಾ ನಿಂತೆ.

ಪೇರಲ ಗಿಡಕ್ಕೆ ಮಾವ ಗಾರೆಯವರ ತೂಗುಗುಂಡು ಕಟ್ಟಿದ್ದರು. ರೈಫಲ್ ಮೇಲೆ ರಸಮಟ್ಟ ಇಟ್ಟು ಸಮ ಮಾಡಿ, ಸ್ಕೋಪಿನೊಳಗಿನ ನೆಟ್ಟಗಿನ ಗೀಟು ಆ ದಾರಕ್ಕೆ ಸೇರುವ ಹಾಗೆ ಸ್ಕೋಪನ್ನು ಹೊರಳಿಸಿ ಬಿಗಿದೆವು. ಗೀಟು ವಾಲಿದ್ದರೆ ಹತ್ತಿರದಲ್ಲಿ ಗೊತ್ತಾಗಲ್ಲ, ದೂರ ಹೋದ ಹಾಗೆ ಗುಂಡು ಒಂದು ಪಕ್ಕಕ್ಕೆ ಸರಿಯುತ್ತೆ. ಕೊಡಗಿನ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇಡ್ತಾರಲ್ಲ, ಈಗ ಕೆಲವು ಕಡೆ ಏರ್‌ಗನ್ನಿಗೂ ಬೇರೆ ವಿಭಾಗ ಇದೆ, ಅಲ್ಲಿಗೆ ಹೋಗೋಣ ಅಂತ ಮಾವ ತಮಾಷೆ ಮಾಡಿದ್ರು. "ತೆಂಗಿನಕಾಯಿ ದೊಡ್ಡದು, ಮಜಾ ಇಲ್ಲ" ಅಂದ್ರು ಅಪ್ಪ. ಪುರಾಣಪುರುಷರು ವಾಪಸ್ ಬಂದಿದ್ದು ಆಗಲೇ.

ಆದರೆ ಮೊದಲ ಐದು ಗುಂಡು ಕಾಗದದ ಕೆಳಗೆ. ಮೇಲಿನ ಟರೆಟ್ಟನ್ನು ಇನ್ನು ತಿರುಗಲ್ಲ ಅನ್ನೋವರೆಗೂ ತಿರುಗಿಸಿದರೂ ಅರ್ಧ ಇಂಚು ಕೆಳಗೇ. ನಳಿಗೆ ಬಗ್ಗಿಸೋ ರೈಫಲ್ಲುಗಳಲ್ಲಿ ಇದು ಮಾಮೂಲಿ, ನಳಿಗೆ ಸ್ವಲ್ಪ ತಲೆ ತಗ್ಗಿಸಿಕೊಂಡೇ ಇರುತ್ತೆ. ತೆರೆದ ಸೈಟು ನಳಿಗೆಯನ್ನು ನೋಡಿಕೊಂಡು ಹೊಂದಿಸಿರೋದ್ರಿಂದ ಗೊತ್ತಾಗಲ್ಲ. ಸ್ಕೋಪು ಬೆನ್ನಿನ ಮೇಲೆ ಕೂತಿರೋದ್ರಿಂದ ಗುಟ್ಟು ರಟ್ಟಾಗುತ್ತೆ. ಟರೆಟ್ ತುದಿಗೆ ಹೋಗಿ ನಿಂತರೂ ಕಷ್ಟ, ಒಳಗಿನ ಸ್ಪ್ರಿಂಗಿಗೆ ಹಿಡಿತ ತಪ್ಪಿ ಗುರಿ ಅಲೀತಾ ಇರುತ್ತೆ.

ಹಿಂದಿನ ರಿಂಗಿನಲ್ಲಿ ಸ್ಕೋಪಿನ ಕೆಳಗೆ ತೆಳ್ಳಗಿನದೇನಾದರೂ ಇಟ್ಟು ಬಾಲ ಎತ್ತಬೇಕು. ಕಾಗದ ಕುಗ್ಗುತ್ತೆ, ತಗಡು ಗೀರುತ್ತೆ. ಮಾವ ಸುತ್ತ ನೋಡಿ, "ಹಳೇ ಫೋಟೋ ನೆಗೆಟಿವ್ ಐತೇನು?" ಅಂದ್ರು. ಇದ್ದವು, ಟ್ರಂಕಿನಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬ. ಫಿಲ್ಮು ಒಂದೇ ದಪ್ಪ, ಕುಗ್ಗಲ್ಲ, ಜಾರಲ್ಲ. ಕ್ಯಾಲಿಪರಿನಲ್ಲಿ 0.14 ಮಿಲಿಮೀಟರ್ ಬಂತು. ಎರಡು ರಿಂಗಿನ ನಡುವೆ 100 ಮಿಲಿಮೀಟರ್. ಅಪ್ಪ ಮದುವೆ ಕಾಗದದ ಹಿಂದೆ ಲೆಕ್ಕ ಹಾಕಿದರು. ಒಂದು ಪದರಕ್ಕೆ 10 ಮೀಟರ್ ದೂರದಲ್ಲಿ 14 ಮಿಲಿಮೀಟರ್ ಮೇಲೆ. ಎರಡು ಪದರ ಹಾಕಿದರೆ ಅರ್ಧ ಇಂಚಿನ ಕೊರತೆ ತುಂಬಿ ಒಂದೂವರೆ ಸೆಂಟಿಮೀಟರ್ ಉಳಿತಾಯ. ಸ್ಕೋಪಿನ ಒಂದು ಕ್ಲಿಕ್ಕು 100 ಗಜದಲ್ಲಿ ಕಾಲು ಇಂಚು, ಅಂದ್ರೆ ನಮ್ಮ ಹಿತ್ತಲಿನ 10 ಮೀಟರಿಗೆ 0.7 ಮಿಲಿಮೀಟರ್. ಟರೆಟ್ಟನ್ನು ತುದಿಯಿಂದ 21 ಕ್ಲಿಕ್ ವಾಪಸ್ ತರಬಹುದು ಅಂದರು. ಎರಡು ತುಂಡು ಕತ್ತರಿಸಿ ಇಟ್ಟು ಮತ್ತೆ ಬಿಗಿದು ನೋಡಿದರೆ 19ಕ್ಕೆ ನಡುವಿಗೆ ಬಂತು. ಎರಡು ಕ್ಲಿಕ್ಕಿನ ತಪ್ಪಿಗೆ ಅಪ್ಪ ಮಾವನ ಕ್ಯಾಲಿಪರನ್ನು ದೂರಿದರು, ಮಾವ ಅಪ್ಪನ ಗಣಿತವನ್ನು.

ಕೊನೆಗೆ ಮಾವ ಮೌಂಟಿನ ಹಿಂಬದಿಯಲ್ಲಿ ಡವ್‌ಟೇಲ್ ಮೇಲೆ ಬಿಳಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಮೌಂಟು ಅಲುಗಿದರೆ ಗೆರೆ ಮುಚ್ಚಿಹೋಗುತ್ತೆ. ಗುಂಡು ಹಾಕೋ ಮೊದಲು ದಿನಾ ಅದನ್ನು ನೋಡಬೇಕು ಅಂತ ಕಟ್ಟಪ್ಪಣೆ. ಬೀಜಿಂಗಿನ ಫೈನಲ್ಲಿಗೆ ಮುಂಚೆ ತನ್ನ ರೈಫಲ್ಲಿನ ಸೈಟೂ ಅಲುಗಿತ್ತು, ಅಭ್ಯಾಸದ ಗುಂಡು ಎಲ್ಲೋ ಹೋಗಿ ಬಿತ್ತು ಅಂತ ಬಿಂದ್ರಾ ಆಮೇಲೆ ಹೇಳಿಕೊಂಡಿದ್ದಾರೆ. ಇದನ್ನು ಅಪ್ಪನೇ ನಮಗೆ ಹೇಳಿದ್ದು, ಗೆರೆ ನೋಡ್ತಾ. ಇವತ್ತಿಗೆ ಸುಮಾರು ಎಂಟುನೂರು ಗುಂಡು ಆಗಿದೆಯಂತೆ, ಗೆರೆ ಹಾಗೇ ಇದೆ. ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳ್ತೀನಿ, ಆಮೇಲೆ ಮಳೆ ಬಂತಾ ಅಂತ.

ಅವತ್ತು ಸಂಜೆ ಅಪ್ಪ ಹೊಡೆದ ಕೊನೇ ಐದು ಗುಂಡು ಎಂಟಾಣೆ ಕೆಳಗೆ ಮುಚ್ಚಿಹೋಗಲಿಲ್ಲ, ಹಳೇ ರೂಪಾಯಿ ನಾಣ್ಯದ ಕೆಳಗೆ ನಾಲ್ಕು ಮುಚ್ಚಿದವು, ಐದನೆಯದು ಅಂಚಿನಲ್ಲಿ ಇಣುಕ್ತಿತ್ತು. ಅಮ್ಮ ಕಾಫಿ ತಂದು ಕಾಗದ ನೋಡಿ, ಏನೂ ಹೇಳದೆ, ನೆಲದ ಮೇಲೆ ಬಿದ್ದಿದ್ದ ಕತ್ತರಿಸಿ ಉಳಿದ ನೆಗೆಟಿವ್ ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಇದು ಸೂಳೆಕೆರೆಗೆ ಹೋದಾಗ ತೆಗ್ಸಿದ್ದಲ್ಲೇನೋ. ಇಲ್ಲಿ ಅತ್ತಿಗೆ ನಿಂತಿದ್ಲಲ್ಲ, ಎಲ್ಲಿ?"

ಅತ್ತಿಗೆ ಅಂದ್ರೆ ಮಾವನ ಹೆಂಡತಿ, ನಮ್ಮತ್ತೆ. ಮಾವ ಕಾಫಿ ಬಸಿಯಿಂದ ಮುಖ ಎತ್ತದೆ ಅಂದ್ರು:

"ಹಿಂದಿನ ರಿಂಗಿನಾಗೆ, ಸ್ಕೋಪಿನ ಕೆಳಗೆ ಅದಾಳೆ. ಮೂವತ್ತೆಂಟು ವರ್ಷದಿಂದ ನನ್ನ ಅಲ್ಲಾಡಾಕೆ ಬಿಟ್ಟಿಲ್ಲ, ಇದನ್ನ ಬಿಡ್ತಾಳೇನು?"